ತಾಯಿತವೂ ಭೇರಿಯೂ

ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲೋ ನಿಮ್ಮೂರಿನ ಸಂತೆಯಲ್ಲೋ ಕರಿದಾರ, ತಾಯಿತಗಳನ್ನು ಮಾರುವವರನ್ನು ನೀವು ಕಂಡಿರಬಹುದು. ತಾಯಿತವೆಂದರೆ ತಾಮ್ರದ ಇಲ್ಲವೆ ಬೆಳ್ಳಿಯ ಪುಟ್ಟ ಕೊಳವೆ. ಯಂತ್ರವನ್ನು ಕೊರೆದ ತೆಳುತಗಡನ್ನೋ ಮಂತ್ರವನ್ನು ಬರೆದ ಚೀಟಿಯನ್ನೋ ಅದರೊಳಗೆ ಸುರುಳಿ ಸುತ್ತಿಟ್ಟು ಬಾಯಿ ಮುಚ್ಚಿರುತ್ತಾರೆ. ಧರಿಸಿದವನು ಅದನ್ನು ತೆರೆದು ಓದುವಂತಿಲ್ಲ. ತಾನು ಓದದ ಆ ಬರಹವೇ ತನ್ನನ್ನು ಕಾಯುವುದೆಂದು ಅವನ ನಂಬಿಕೆ.

ಈ ನಂಬಿಕೆ ನಮ್ಮದು ಮಾತ್ರವಲ್ಲ. ಕಡಲಾಚೆ, ಪೂರ್ವ ಆಫ್ರಿಕದ ಕರಾವಳಿಯಲ್ಲಿ ಸ್ವಾಹಿಲಿ ಜನರು ಕುರಾನಿನ ವಾಕ್ಯಗಳನ್ನು ಬರೆದ ಕಾಗದವನ್ನು ತೊಗಲಿನ ಚೀಲದಲ್ಲಿ ಹೊಲಿದು ಧರಿಸುವುದುಂಟು. ಅದಕ್ಕೆ 'ಹಿರಿಜಿ' ಎಂದು ಹೆಸರು. ಇಥಿಯೋಪಿಯದ ಕ್ರೈಸ್ತರಲ್ಲಿ ಬೆಳೆದುಬಂದ ಪದ್ಧತಿ ಇನ್ನೂ ಸ್ವಾರಸ್ಯವಾದುದು. ಹದಮಾಡಿದ ಚರ್ಮದ ಸುರುಳಿಯ ಮೇಲೆ ಗೀಜ್ ಎಂಬ ಪ್ರಾಚೀನ ಭಾಷೆಯಲ್ಲಿ ಪ್ರಾರ್ಥನೆಗಳನ್ನೂ ಧರಿಸುವವರ ಹೆಸರನ್ನೂ ಬರೆದು, ನಡುನಡುವೆ ಅಗಲವಾಗಿ ತೆರೆದ ಕಣ್ಣುಗಳನ್ನು ಚಿತ್ರಿಸುತ್ತಿದ್ದರು. ಸುರುಳಿಯ ಉದ್ದವನ್ನು ಧರಿಸುವವರ ಎತ್ತರಕ್ಕೆ ಸಮನಾಗಿ ಮಾಡುವುದುಂಟು. ಅಡಿಯಿಂದ ಮುಡಿಯವರೆಗೆ ರಕ್ಷೆ!

ನಾನು ಚಿಕ್ಕವನಾಗಿದ್ದಾಗ ಕಡುಜ್ವರ ಬಂದಿತ್ತು. ತಾಯಿ ನನ್ನ ತೋಳಿಗೆ ತಾಯಿತ ಕಟ್ಟಿದಳು. ಅಂದೇ ರಾತ್ರಿ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೂ ಒಯ್ದಳು. ಜ್ವರವನ್ನು ಇಳಿಸಿದ್ದು ಔಷಧಿಯೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗಾಡಿಯಲ್ಲಿ ನಡುಗುತ್ತಿದ್ದ ನಾನು ದಾರಿಯುದ್ದಕ್ಕೂ ಹಿಡಿದುಕೊಂಡಿದ್ದುದು ಆ ಕೊಳವೆಯನ್ನು.

ಒಬ್ಬನ ಮೈಗೆ ಬೇಕಾದ ರಕ್ಷೆ ರಾಜ್ಯಕ್ಕೂ ಬೇಕೆಂದು ಹಿಂದಿನವರು ಭಾವಿಸಿದ್ದರು. ಮೈಸೂರಿನ ಅರಸರು ನವರಾತ್ರಿಯ ಮೊದಲ ದಿನ ಕಂಕಣ ಕಟ್ಟಿಕೊಂಡು, ಅದನ್ನು ಬಿಚ್ಚುವವರೆಗೂ ವ್ರತಸ್ಥರಾಗಿರುತ್ತಿದ್ದರು. ಪಟ್ಟದ ಕತ್ತಿಗೆ ಪೂಜೆ ಸಲ್ಲುತ್ತಿತ್ತು. ಭೇರಿಯೂ ಹೀಗೆಯೇ ಅರಸೊತ್ತಿಗೆಯ ಗುರುತು. ಚಿತ್ರದುರ್ಗದ ಕೋಟೆಯ ಹಿಡಿಂಬೇಶ್ವರನ ಗುಡಿಯಲ್ಲಿ ಕಬ್ಬಿಣದ ತಗಡುಗಳಿಂದ ಮಾಡಿದ ಆಳೆತ್ತರದ ಉರುಳೆಯೊಂದು ಹೆಸರಾದುದು. ಜನ ಅದನ್ನು ಭೀಮನ ಭೇರಿ ಎನ್ನುತ್ತಾರೆ.

ಉಗಾಂಡದ ನೈಋತ್ಯ ಭಾಗದಲ್ಲಿದ್ದ ನ್‌ಕೋರೆ ರಾಜ್ಯದಲ್ಲಂತೂ ಬಗ್ಯೆಂಡಾನ್ವಾ ಎಂಬ ಭೇರಿಯೇ ರಾಜ್ಯದ ಪ್ರಾಣ. ಅದನ್ನು ಬಾರಿಸಿದವನೇ ಅರಸ. ಅರಸರು ಸಾಯುತ್ತಾರೆ, ಭೇರಿ ಉಳಿಯುತ್ತದೆ ಎಂದು ಜನ ನಂಬಿದ್ದರು. ಆ ಭೇರಿಗೆ ಸ್ವಂತ ಗೋವುಗಳ ಹಿಂಡಿತ್ತು! ನಮ್ಮ ಜಿಲ್ಲೆಯವರಿಗೆ ಇದು ತೀರ ಹೊಸದಾಗಿ ಕಾಣಲಾರದು. ಮ್ಯಾಸಬೇಡರೂ ಕಾಡುಗೊಲ್ಲರೂ ತಮ್ಮ ದೈವಗಳ ಹೆಸರಿನಲ್ಲಿ 'ದೇವರ ಎತ್ತು'ಗಳನ್ನು ಸಾಕುತ್ತಾರೆ. ಅವುಗಳ ಹೆಗಲಿಗೆ ನೊಗವಿಡುವುದಿಲ್ಲ.

1779ರಲ್ಲಿ ಹೈದರಾಲಿಯು ದುರ್ಗವನ್ನು ಗೆದ್ದು ಮದಕರಿ ನಾಯಕನನ್ನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ದನು. ಭೀಮನ ಭೇರಿ ಅವನನ್ನು ಕಾಯಲಿಲ್ಲ. 1967ರಲ್ಲಿ ಉಗಾಂಡ ಸರ್ಕಾರವು ಅರಸೊತ್ತಿಗೆಗಳನ್ನು ರದ್ದುಗೊಳಿಸಿದಾಗ ಬಗ್ಯೆಂಡಾನ್ವಾ ಕೂಡ ತನ್ನ ಅರಸನನ್ನು ಕಾಯಲಿಲ್ಲ. ದುರ್ಗದ ಸೀಮೆಯ ಬಯಲುಗಳಲ್ಲಿ ಮಾತ್ರ ಕಿಲಾರಿಗಳು ಇಂದಿಗೂ ದೇವರ ಎತ್ತುಗಳನ್ನು ಮೇವಿಗೆ ಹೊಡೆದುಕೊಂಡು ಹೋಗುತ್ತಾರೆ.