ಬಾಣಂತನ ಮುಗಿದ ಮೇಲೂ ಬೇಕಾದ ಆರೈಕೆ

ಉದಕಮಂಡಲದ ಚಳಿಯಲ್ಲಿ ಕೆಮ್ಮು, ಸೀನು ಹೊಸತಲ್ಲ. ಆದರೆ ಹೆರಿಗೆಯಾಗಿ ಕೆಲವು ತಿಂಗಳು ಕಳೆದ ತಾಯಿಗೆ ಒಂದು ಸೀನೂ ಸಂಕಟವಾಗಬಲ್ಲದು. ತಡೆಯಲಾಗದೆ ಮೂತ್ರ ಜಿನುಗುತ್ತದೆ. ಗೂಡಲೂರಿನ ಇಳಿಜಾರಿನಲ್ಲಿ ಚಹಾ ಎಲೆಯ ಮೂಟೆ ಎತ್ತುವಾಗ, ಮಸಿನಗುಡಿಯಲ್ಲಿ ತುಂಬಿದ ಕೊಡವನ್ನು ಸೊಂಟಕ್ಕೇರಿಸುವಾಗಲೂ ಹೀಗಾಗಬಹುದು. ಹೇಳಿಕೊಳ್ಳಲು ನಾಚಿ ಕೆಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮದುವೆಮನೆಗೆ, ಮಕ್ಕಳ ಶಾಲೆಯ ಸಭೆಗೆ ಹೋಗಲು ಹಿಂಜರಿಯುತ್ತಾರೆ. ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಹಿರಿಯರ ಮಾತು ಆ ಮೌನವನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ.

ಇದು ವಿಧಿಯಲ್ಲ, ಸ್ನಾಯುಗಳ ದೌರ್ಬಲ್ಯ. ಸೊಂಟದ ಎಲುಬುಗೂಡಿನ ತಳದಲ್ಲಿ ಮುಂದಿನ ಎಲುಬಿನಿಂದ ಬೆನ್ನಿನ ತುದಿಯವರೆಗೆ ಜೋಲಿಯಂತೆ ಹರಡಿದ ಸ್ನಾಯುಗಳು ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತಿರುತ್ತವೆ. ಒಂಬತ್ತು ತಿಂಗಳ ಭಾರದಿಂದಲೂ ಹೆರಿಗೆಯ ಸೆಳೆತದಿಂದಲೂ ಅವು ಸಡಿಲಗೊಳ್ಳುತ್ತವೆ. ಶಸ್ತ್ರಚಿಕಿತ್ಸೆಯಿಂದ ಹೆತ್ತವರಿಗೂ ಈ ತೊಂದರೆ ಬರಬಹುದು. ಹೊಟ್ಟೆಗೆ ಬಟ್ಟೆ ಕಟ್ಟುವುದರಿಂದ ಈ ಸ್ನಾಯುಗಳು ಬಲಗೊಳ್ಳುವುದಿಲ್ಲ.

ಅವುಗಳಿಗೆ ಬೇಕಾದದ್ದು ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದ ಲೇಖನದಿಂದ ಇದು ಪ್ರಸಿದ್ಧವಾಯಿತು. ವಾಯು ಹಾಗೂ ಮೂತ್ರವನ್ನು ತಡೆಯುವಂತೆ ಒಳಸ್ನಾಯುಗಳನ್ನು ಮೇಲಕ್ಕೆ ಬಿಗಿಹಿಡಿದು, ಕೆಲವು ಕ್ಷಣ ನಿಲ್ಲಿಸಿ, ಪೂರ್ತಿಯಾಗಿ ಸಡಿಲಿಸಬೇಕು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆಗಳನ್ನು ಬಿಗಿಯಬಾರದು. ಪ್ರತಿ ಬಾರಿಗೆ 8ರಿಂದ 10 ಸಲದಂತೆ ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು ಮಾಡಬೇಕು. ಬಿಗಿಹಿಡಿಯುವ ಅವಧಿಯನ್ನು ಕ್ರಮೇಣ 10 ಸೆಕೆಂಡಿಗೆ ಏರಿಸಬಹುದು. ಮೂತ್ರ ವಿಸರ್ಜಿಸುವಾಗ ಇದನ್ನು ಅಭ್ಯಾಸ ಮಾಡಬಾರದು. ಹೊಲಿಗೆ ಹಾಕಿದ್ದರೆ ಎಂದು ಆರಂಭಿಸಬೇಕೆಂದು ವೈದ್ಯರನ್ನು ಕೇಳುವುದು ಲೇಸು. ಮಗುವಿಗೆ ಹಾಲೂಡುತ್ತ ಕುಳಿತಾಗಲೂ ಇದನ್ನು ಮಾಡಬಹುದು, ಪಕ್ಕದಲ್ಲಿದ್ದವರಿಗೂ ತಿಳಿಯದು.

ಮಲಬದ್ಧತೆಯಿಂದ ತಿಣುಕಿದರೆ ಈ ಸ್ನಾಯುಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಆದ್ದರಿಂದ ರಾಗಿ, ಸೊಪ್ಪು, ಸಾಕಷ್ಟು ನೀರು ಅಗತ್ಯ. ಮೊದಲ ತಿಂಗಳುಗಳಲ್ಲಿ ಸೌದೆಹೊರೆ, ನೀರಿನ ಕೊಡಗಳನ್ನು ಮನೆಯ ಇತರರು ಹೊತ್ತರೆ ಅದೂ ಬಾಣಂತನದ ಆರೈಕೆಯೇ.

ಮೂರು ತಿಂಗಳ ಅಭ್ಯಾಸದ ಬಳಿಕವೂ ಮೂತ್ರ ಜಿನುಗಿದರೆ ವೈದ್ಯರನ್ನು ಕಾಣಬೇಕು. ಯೋನಿಯಲ್ಲಿ ಏನೋ ಇಳಿದಂತೆ ಭಾಸವಾದರೆ, ಮಲ ತಡೆಯಲಾಗದಿದ್ದರೆ ಅಷ್ಟು ದಿನವೂ ಕಾಯಬಾರದು. ಮನೆಗೆ ಬರುವ ಆರೋಗ್ಯ ದಾದಿಯೊಡನೆ ಮೊದಲ ಮಾತಾಡಬಹುದು. ಮಗುವಿನ ತೂಕ, ಚುಚ್ಚುಮದ್ದುಗಳನ್ನು ವಿಚಾರಿಸುವ ಮನೆಮಂದಿ ತಾಯಿಯನ್ನೂ ‘ನೀನು ಹೇಗಿದ್ದೀಯಮ್ಮಾ?’ ಎಂದು ಕೇಳಿದರೆ, ಅನೇಕ ವರ್ಷಗಳ ಮೌನ ಅಲ್ಲಿಗೇ ಮುರಿಯಬಹುದು.