632 ವರ್ಷದ ಚರ್ಚು, 40 ವರ್ಷದ ಕೆರೆ

ಜರ್ಮನಿಯ ಕಲೋನ್ ನಗರದ ದೊಡ್ಡ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1248ರ ಆಗಸ್ಟ್ 15ರಂದು. ಕೆಲಸ ಮುಗಿದು ಸಂಭ್ರಮ ನಡೆದದ್ದು 1880ರ ಅಕ್ಟೋಬರ್ 15ರಂದು. ನಡುವೆ 632 ವರ್ಷ. ತಲೆಮಾರಿಗೆ 25 ವರ್ಷ ಎಂದು ಹಿಡಿದರೂ 25 ತಲೆಮಾರು ಉರುಳಿಹೋದವು. ಅಡಿಗಲ್ಲು ಇಟ್ಟವನ ಮಗ, ಮೊಮ್ಮಗ, ಮರಿಮಗ ಯಾರೂ ಅದರ ತುದಿ ಕಾಣಲಿಲ್ಲ.

ಮಗಳ ಮನೆಗೆಂದು ರಾಯಚೂರು ಜಿಲ್ಲೆಯ ದೇವಸುಗೂರಿನಿಂದ ಹೋಗಿದ್ದ ನಾವು ಗಂಡ-ಹೆಂಡತಿ ಕಲೋನ್‌ನಲ್ಲಿ ಇದ್ದದ್ದು ಬೆಳಗಿನ ರೈಲಿಗೆ ಇಳಿದು ಸಂಜೆಯ ರೈಲು ಹಿಡಿಯುವಷ್ಟು ಹೊತ್ತು. ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೇ ಚರ್ಚು. ಜೋಡಿ ಗೋಪುರಗಳ ಎತ್ತರ 157 ಮೀಟರ್. ನಮ್ಮ ವಿಜಯಪುರದ ಗೋಲಗುಮ್ಮಟ ಸುಮಾರು 51 ಮೀಟರ್. ಅಂಥ ಮೂರು ಗುಮ್ಮಟಗಳನ್ನು ಒಂದರ ಮೇಲೊಂದು ಪೇರಿಸಿದರೂ ಈ ಗೋಪುರದ ತುದಿ ಮುಟ್ಟುವುದಿಲ್ಲ. 1880ರಲ್ಲಿ ಮನುಷ್ಯ ಕಟ್ಟಿದ ಅತಿ ಎತ್ತರದ ಕಟ್ಟಡ ಇದೇ ಆಗಿತ್ತು. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕ ಅದನ್ನು ಮೀರಿಸಿತು.

ಆದರೆ ಎತ್ತರಕ್ಕಿಂತ ಆ 632 ಎಂಬ ಅಂಕಿಯೇ ನನ್ನನ್ನು ಹಿಡಿದು ನಿಲ್ಲಿಸಿತು. ಅದನ್ನು ಅಳೆಯಲು ರಾಯಚೂರಿನ ಚರಿತ್ರೆಗಿಂತ ಒಳ್ಳೆಯ ಅಳತೆಗೋಲು ನನ್ನಲ್ಲಿ ಇಲ್ಲ. ಚರ್ಚಿಗೆ ಅಡಿಗಲ್ಲು ಬಿದ್ದಾಗ ದೇವಗಿರಿಯಲ್ಲಿ ಸೇವುಣರ ಆಳ್ವಿಕೆ. ಗೋಡೆಗಳು ಏಳುತ್ತಿದ್ದಾಗಲೇ, 1294ರಲ್ಲಿ, ಇತ್ತ ರಾಯಚೂರಿನ ಕೋಟೆ ಎದ್ದಿತು. ಆ ವರ್ಷದ ಶಾಸನ ಹೊತ್ತ 41 ಅಡಿ ಉದ್ದದ ಒಂಟಿ ಕಲ್ಲು ಇಂದಿಗೂ ಕೋಟೆಗೋಡೆಯಲ್ಲಿದೆ. ಆ ಕಲ್ಲನ್ನು ಗಾಡಿಯ ಮೇಲೆ ಸಾಗಿಸಿ ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. 1322ರಲ್ಲಿ ಕಲೋನ್‌ನವರು ಚರ್ಚಿನ ಗರ್ಭಗುಡಿಯಷ್ಟನ್ನು ಮುಗಿಸಿ ಪ್ರತಿಷ್ಠೆ ಮಾಡಿದರು. ಮರುವರ್ಷ ಓರಂಗಲ್ಲಿನಲ್ಲಿ, ರಾಯಚೂರು ಕೋಟೆ ಕಟ್ಟಿಸಿದ ಕಾಕತೀಯರ ರಾಜ್ಯವೇ ಮುಳುಗಿತು.

1336ರಲ್ಲಿ ವಿಜಯನಗರ, 1347ರಲ್ಲಿ ಬಹಮನಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ. ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಕೊಟ್ಟ ಲೆಕ್ಕ ನಂಬುವುದಾದರೆ ಆ ದಂಡಿನಲ್ಲಿ ಏಳು ಲಕ್ಷ ಕಾಲಾಳು, 32,600 ಕುದುರೆ, 551 ಆನೆ. 1565ರಲ್ಲಿ ಹಂಪಿ ಹಾಳಾಯಿತು. ಕಲೋನ್‌ನಲ್ಲಿ ಅದೇ 16ನೇ ಶತಮಾನದಲ್ಲಿ ದುಡ್ಡು ಬತ್ತಿ ಕೆಲಸ ನಿಂತಿತು. ಅರೆಬರೆ ಗೋಪುರದ ನೆತ್ತಿಯ ಮೇಲೆ ಕಲ್ಲು ಎತ್ತುವ ಮರದ ಕ್ರೇನು ಮುನ್ನೂರಕ್ಕೂ ಹೆಚ್ಚು ವರ್ಷ ಹಾಗೇ ನಿಂತಿತ್ತು. ಅಷ್ಟರಲ್ಲಿ ಇಲ್ಲಿ ಆದಿಲ್‌ಶಾಹಿ ಅಳಿದು, ಮೊಘಲರು ಬಂದು, ನಿಜಾಮರು ಬಂದು, 1853ರಲ್ಲಿ ರಾಯಚೂರು ದೋಆಬ್ ಇಂಗ್ಲಿಷರ ಕೈಸೇರಿ, 1860ರಲ್ಲಿ ಮತ್ತೆ ನಿಜಾಮರಿಗೆ ಮರಳಿತು. 1871ರಲ್ಲಿ ಮುಂಬಯಿ ಕಡೆಯ ರೈಲುಹಳಿಯೂ ಮದ್ರಾಸ್ ಕಡೆಯ ರೈಲುಹಳಿಯೂ ರಾಯಚೂರಿನಲ್ಲಿ ಕೂಡಿದವು. ಚರ್ಚು ಆಗಲೂ ಮುಗಿದಿರಲಿಲ್ಲ!

ಇಷ್ಟು ಕಾಲದ ಮೇಲೆ ಮುಗಿಸಿದ್ದಾದರೂ ಹೇಗೆ? ನಕ್ಷೆಯಿಂದ. ಸುಮಾರು 1280ರಲ್ಲಿ ಚರ್ಮದ ಹಾಳೆಗಳನ್ನು ಜೋಡಿಸಿ ಬರೆದ, ನಾಲ್ಕು ಮೀಟರ್ ಎತ್ತರದ ಗೋಪುರದ ನಕ್ಷೆಯೊಂದಿತ್ತು. ಅದು ಎರಡಾಗಿ ಹರಿದು ಕಳೆದುಹೋಗಿತ್ತು. ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಸಿಕ್ಕಿತು, ಇನ್ನರ್ಧ 1816ರಲ್ಲಿ ಪ್ಯಾರಿಸ್‌ನಲ್ಲಿ. 1842ರಲ್ಲಿ ಕೆಲಸ ಮತ್ತೆ ಶುರುವಾದಾಗ 560 ವರ್ಷ ಹಳೆಯ ಗೆರೆಗಳನ್ನೇ ನೋಡಿ ಗೋಪುರ ಕಟ್ಟಿದರು. ಮುಂದೆ ಎರಡನೇ ಮಹಾಯುದ್ಧ. 1942ರ ಮೇ 30ರ ಒಂದೇ ರಾತ್ರಿ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಕಲೋನ್ ಮೇಲೆ ಕಳಿಸಲಾಯಿತು. ಯುದ್ಧಕ್ಕೆ ಮುಂಚೆ ಏಳೂವರೆ ಲಕ್ಷ ದಾಟಿದ್ದ ಊರಿನಲ್ಲಿ 1945ರ ಮಾರ್ಚಿಗೆ ಉಳಿದವರು ಸುಮಾರು 40,000 ಜನ. ಚರ್ಚಿಗೆ 14 ದೊಡ್ಡ ಬಾಂಬುಗಳು ಬಡಿದವು. ಗೋಪುರ ಬೀಳಲಿಲ್ಲ. ಅಂದಿನಿಂದ ಇಂದಿನವರೆಗೂ ರಿಪೇರಿ ನಡೆದೇ ಇದೆ.

ದಕ್ಷಿಣದ ಗೋಪುರಕ್ಕೆ 533 ಮೆಟ್ಟಿಲು. ಏದುಸಿರು ಬಿಡುತ್ತ ಮೇಲೆ ಬಂದು ನಿಂತಾಗ ಕೆಳಗೆ ರೈನ್ ನದಿ, ಅದರ ಮೇಲೆ ದಿನಕ್ಕೆ 1,200ಕ್ಕೂ ಹೆಚ್ಚು ರೈಲು ಓಡುವ ಹೊಹೆನ್‌ಜೊಲರ್ನ್ ಸೇತುವೆ. ನಮ್ಮಾಕೆ ದೂರಕ್ಕೆ ಕೈ ತೋರಿಸಿದಳು: "ಅಲ್ಲಿ ನೋಡ್ರಿ, ನಮ್ಮ ಶಕ್ತಿನಗರದಂಗ ಹೊಗಿ ಏಳಾಕತ್ತೈತಿ!" ಅದು ನೀಡರ್‌ಔಸೆಮ್ ಕಲ್ಲಿದ್ದಲು ವಿದ್ಯುತ್ ಕೇಂದ್ರದ ಉಗಿ. ಅಲ್ಲಿನ ನೀರು ತಣಿಸುವ ಗೋಪುರದ ಎತ್ತರ 200 ಮೀಟರ್, ಚರ್ಚಿಗಿಂತ 43 ಮೀಟರ್ ಹೆಚ್ಚು. ಅದರ ವಿಶ್ವದಾಖಲೆ ಮುರಿದದ್ದು ನಮ್ಮ ದೇಶವೇ: ರಾಜಸ್ಥಾನದ ಕಾಲಿಸಿಂಧ್, 202 ಮೀಟರ್.

ಅಲ್ಲಿಂದ ಮುಂದಿನ ಲೆಕ್ಕ ದೇವಸುಗೂರಿನವರಿಗೆ ಸಲೀಸು. ನಮ್ಮ ಪಕ್ಕದ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಕೇಂದ್ರ ಆರ್‌ಟಿಪಿಎಸ್‌ನಲ್ಲಿ 210 ಮೆಗಾವಾಟ್‌ನ ಏಳು ಘಟಕ, 250ರ ಒಂದು, ಒಟ್ಟು 1,720 ಮೆಗಾವಾಟ್. ಎಂಟೂ ಪೂರ್ತಿ ಓಡಿದರೆ ದಿನಕ್ಕೆ ನಾಲ್ಕು ಕೋಟಿ ಯೂನಿಟ್‌ಗೂ ಹೆಚ್ಚು ಕರೆಂಟು. ಯೂನಿಟ್‌ಗೆ ಸುಮಾರು 650 ಗ್ರಾಂ ಎಂದರೂ ದಿನಕ್ಕೆ 27,000 ಟನ್ ಕಲ್ಲಿದ್ದಲು ಬೇಕು. ಸಿಂಗರೇಣಿ ಮೊದಲಾದ ಕಡೆಯಿಂದ ಬರುವ ಗೂಡ್ಸ್ ರೈಲು ಏಳಾದರೂ ಖಾಲಿಯಾಗಬೇಕು. ಕಲೋನ್ ಪಕ್ಕದ ಹಂಬಾಖ್ ಕಲ್ಲಿದ್ದಲು ಗಣಿಗಾಗಿ ಮಾಡಿದ ಒಂದು ಅಗೆಯುವ ಯಂತ್ರದ ತೂಕವೇ 13,000 ಟನ್ ದಾಟುತ್ತದೆ. ಎತ್ತರ 96 ಮೀಟರ್. ದಿನಕ್ಕೆ 2,40,000 ಟನ್ ಅಗೆಯುವ ತಾಕತ್ತು. ತೂಕದಲ್ಲಿ ಆ ಒಂದು ದಿನದ ಅಗೆತ ಆರ್‌ಟಿಪಿಎಸ್‌ನ ಸುಮಾರು ಒಂಬತ್ತು ದಿನದ ಊಟ. ಅಲ್ಲಿನದು ಅರ್ಧದಷ್ಟು ನೀರೇ ಇರುವ ಕಂದು ಕಲ್ಲಿದ್ದಲು, ಕಾವು ಕಡಿಮೆ. ಆದರೂ ಎಂಥ ಯಂತ್ರ!

ಈ ಯಂತ್ರಗಳಿಗೂ ಈಗ ಕೊನೆಯ ದಿನ ಗೊತ್ತಾಗಿದೆ. ಕಲೋನ್ ಸುತ್ತಲಿನ ಕಂದು ಕಲ್ಲಿದ್ದಲಿನ ವಿದ್ಯುತ್ತನ್ನು 2030ಕ್ಕೆ ನಿಲ್ಲಿಸಬೇಕೆಂದು 2022ರಲ್ಲೇ ಒಪ್ಪಂದವಾಯಿತು. ಹಂಬಾಖ್‌ನಲ್ಲಿ ಉಳಿಯುವ ಹೊಂಡಕ್ಕೆ ರೈನ್ ನದಿಯಿಂದ ಸುಮಾರು 45 ಕಿಲೋಮೀಟರ್ ಕೊಳವೆ ಹಾಕಿ ನೀರು ತುಂಬಿಸುತ್ತಾರೆ. ಅದು ಹಿಡಿಯುವ ನೀರು 360 ಕೋಟಿ ಘನ ಮೀಟರ್‌ಗಿಂತ ಕಡಿಮೆಯಲ್ಲ. ನಮ್ಮ ಲೆಕ್ಕದಲ್ಲಿ 127 ಟಿಎಂಸಿ. ತುಂಗಭದ್ರಾ ಜಲಾಶಯ ಈಗ ಹಿಡಿಯುವುದು 105 ಟಿಎಂಸಿ. ಅಂದರೆ ಗಣಿ ತೋಡಿದ ಕುಣಿ ನಮ್ಮ ಡ್ಯಾಮಿಗಿಂತ ದೊಡ್ಡ ಕೆರೆಯಾಗುತ್ತದೆ, ತುಂಬಲು ಸುಮಾರು 40 ವರ್ಷ ಹಿಡಿಯುತ್ತದೆ. ಇಂದು ಅದರ ನಕ್ಷೆ ಬರೆಯುತ್ತಿರುವ ಎಷ್ಟೋ ಎಂಜಿನಿಯರರು ಕೆರೆ ತುಂಬಿದ್ದನ್ನು ನೋಡಲಾರರು. ತಾನು ಕಾಣದ ಕೆಲಸಕ್ಕೂ ಇವತ್ತೇ ಗೆರೆ ಎಳೆದಿಡುವುದು. ಆ ಸೀಮೆಯಲ್ಲಿ ನಾನು ಕಂಡ ನಿಜವಾದ ದೊಡ್ಡಸ್ತಿಕೆ ಇದು.

ಶಕ್ತಿನಗರದ ಮೊದಲ ಘಟಕ ಕರೆಂಟು ಕೊಟ್ಟದ್ದು 1985ರಲ್ಲಿ, ಎಂಟನೆಯದು 2010ರಲ್ಲಿ. ಮೊದಲಿನದಕ್ಕೆ ಈಗಾಗಲೇ 40 ತುಂಬಿದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ಪಾಲು ಬೂದಿ ಎಂದು ಹಿಡಿದರೂ, ಪೂರ್ತಿ ಓಡಿದ ಒಂದು ದಿನಕ್ಕೆ 8,000 ಟನ್ ಬೂದಿ. ಸಿಮೆಂಟು, ಇಟ್ಟಿಗೆಗೆ ಹೋಗಿ ಉಳಿದದ್ದು ಬೂದಿ ಹೊಂಡ ಸೇರುತ್ತದೆ. ಕೊನೆಯ ಘಟಕ ನಿಂತ ದಿನ ಆ ಹೊಂಡಗಳು ಏನಾಗಬೇಕು? ಕಾಡೋ, ಸೋಲಾರ್ ಹೊಲವೋ? ದೇವಸುಗೂರಿನ ಮಕ್ಕಳಿಗೆ ಯಾವ ಕೆಲಸ? ಕೃಷ್ಣೆಯ ದಂಡೆ ಹೇಗಿರಬೇಕು? ರಾಜ್ಯಕ್ಕೆ ದಶಕಗಟ್ಟಲೆ ಬೆಳಕು ಕೊಟ್ಟ ಊರಿಗೆ ಮುಂದಿನ 40 ವರ್ಷದ ನಕ್ಷೆ ಕೇಳುವ ಹಕ್ಕಿದೆ. ಅಧಿಕಾರಿಗಳು, ಜನಪ್ರತಿನಿಧಿಗಳು ಊರಿಗೆ ಬಂದಾಗ ರಸ್ತೆ, ನೀರಿನ ಜೊತೆ ಆ ನಕ್ಷೆಯನ್ನೂ ಕೇಳಿ. ಅದು ಮುಗಿದದ್ದನ್ನು ನೋಡಲು ನಾವು ಇರುವುದಿಲ್ಲ ಎಂಬುದು ಕೇಳದೇ ಇರಲು ಕಾರಣವಲ್ಲ.