ಬಯಲುಸೀಮೆಯ ಆಹಾರದಲ್ಲಿ ಪೋಷಕಾಂಶಗಳು

ಕ್ಷಾಮದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಧಾನ್ಯದ ಪ್ರಮಾಣವನ್ನಷ್ಟೇ ಲೆಕ್ಕಿಸುತ್ತಾರೆ. ಮೈಸೂರು ಸಂಸ್ಥಾನವನ್ನು ಪೀಡಿಸಿದ 1876-78ರ ಮಹಾಕ್ಷಾಮದ ಚರ್ಚೆಯೂ ಬಹುಮಟ್ಟಿಗೆ ಇಂತಹುದೇ. ಆದರೆ ಹೊಟ್ಟೆ ತುಂಬುವುದು ಬೇರೆ, ದೇಹ ಪುಷ್ಟಿಗೊಳ್ಳುವುದು ಬೇರೆ. ಮಳೆ ವಿರಳವಾದ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಬೆಳೆಗಳ ಮೂಲಕ ಈ ಭೇದವನ್ನು ನಾವು ಇಲ್ಲಿ ವಿವೇಚಿಸಲಿದ್ದೇವೆ.

ನೀರನ್ನು ಬಿಟ್ಟರೆ ಆಹಾರದಲ್ಲಿ ಐದು ಬಗೆಯ ಪೋಷಕಾಂಶಗಳುಂಟು. ಶರ್ಕರಪಿಷ್ಟವೂ ಕೊಬ್ಬೂ ಮುಖ್ಯವಾಗಿ ಶಕ್ತಿಯನ್ನೀಯುತ್ತವೆ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4, ಕೊಬ್ಬಿನಿಂದ 9 ಕಿಲೊಕ್ಯಾಲೊರಿ ದೊರೆಯುತ್ತದೆ. ಸಸಾರಜನಕವು ಅಂಗಾಂಶಗಳನ್ನು ಕಟ್ಟುತ್ತದೆ. ಖನಿಜಗಳೂ ಅನ್ನಾಂಗಗಳೂ ಅಲ್ಪ ಪ್ರಮಾಣದಲ್ಲಿ ಸಾಕಾದರೂ ಅನಿವಾರ್ಯವಾದವು.

ರಾಗಿ, ನವಣೆ, ಸಜ್ಜೆಗಳು ಪಿಷ್ಟಪ್ರಧಾನ ಧಾನ್ಯಗಳು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶವಿದೆ; ಅಕ್ಕಿಯಲ್ಲಿ ಅದು ಅತ್ಯಲ್ಪ. ಧಾನ್ಯಗಳಲ್ಲಿ ಕೊರತೆಯಾಗಿರುವ ಲೈಸೀನ್ ಎಂಬ ಅಮೈನೊ ಆಮ್ಲವನ್ನು ಹುರುಳಿ, ತೊಗರಿಗಳು ತುಂಬಿಕೊಡುತ್ತವೆ. ಮುದ್ದೆಯೊಡನೆ ಹುರುಳಿ ಸಾರನ್ನುಣ್ಣುವ ರೂಢಿಗೆ ಹೀಗೆ ಶಾಸ್ತ್ರದ ಸಮರ್ಥನೆಯೂ ಇದೆ.

ದಕ್ಷಿಣ ಅಮೆರಿಕ ಮೂಲದ ಶೇಂಗಾ ಇಲ್ಲಿನ ಮುಖ್ಯ ವಾಣಿಜ್ಯ ಬೆಳೆ. ಎಣ್ಣೆ ಗಿರಣಿಗಳಿಂದಲೇ ಚಳ್ಳಕೆರೆ ಹೆಸರಾಯಿತು. ಶೇಂಗಾಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಸಸಾರಜನಕವಿದ್ದು, ಎಣ್ಣೆ ತೆಗೆದ ಮೇಲೆ ಅದು ಹಿಂಡಿಯಲ್ಲಿಯೇ ಉಳಿಯುತ್ತದೆ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಇದನ್ನರಿತು, ಎಣ್ಣೆ ತೆಗೆದ ಶೇಂಗಾ ಹಿಟ್ಟಿಗೆ ಕಡಲೆ ಹಿಟ್ಟನ್ನು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ರೂಪಿಸಿತು.

ಆದುದರಿಂದ ಈ ಸೀಮೆಯ ಬೆಳೆಗಳ ಇತಿಹಾಸವನ್ನು ಬರೆಯುವಾಗ, ಪೇಟೆಗೆ ಸಾಗಿದುದರ ಜೊತೆಗೆ ಬೆಳೆದವರ ಮನೆಯಲ್ಲಿ ಉಣ್ಣಲು ಉಳಿದುದೇನೆಂಬುದನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.